ಮನೆಯಲ್ಲೇ ಕಟ್ಟುವ ಮಾದರಿ ಜೆಟ್: ಖರ್ಚು ಉಳಿಸುವ ಬಗೆ

ಭೋಸರಿಯ ಆಕಾಶಕ್ಕೆ ಜೆಟ್ ವಿಮಾನದ ಗುಡುಗು ಹೊಸದಲ್ಲ. ಅನತಿ ದೂರದ ಲೋಹಗಾಂವ ವಾಯುನೆಲೆಯಿಂದ ಸುಖೋಯಿ-೩೦ ವಿಮಾನಗಳು ಮೇಲೇರಿದಾಗ ನಮ್ಮ ಮನೆಗಳ ಮಕ್ಕಳು ಕೈತುತ್ತು ಬಿಟ್ಟು ಗಚ್ಚಿಗೆ ಓಡುವುದುಂಟು. ಓಡಿ ನೋಡಿದ ಹುಡುಗನು ಮರುದಿನ "ಅಪ್ಪಾ, ನನಗೂ ರೇಡಿಯೋದಿಂದ ಹಾರುವ ಜೆಟ್ ಬೇಕು" ಎಂದು ಹಟ ಹಿಡಿಯುತ್ತಾನೆ. ತಂದೆ ಅಂಗಡಿಯ ಬೆಲೆಪಟ್ಟಿ ನೋಡಿ, ತಿಂಗಳ ಸಂಬಳ ನೆನೆದು, "ಅದು ಶ್ರೀಮಂತರ ಆಟ, ನಮಗಲ್ಲ" ಎಂದು ಬಾಯಿ ಮುಚ್ಚಿಸುತ್ತಾನೆ. ಹಾಗೆ ಹೇಳಬೇಕಾದ ಪ್ರಮೇಯವಿಲ್ಲ ಎಂಬುದನ್ನು ವಾಚಕರಿಗೆ ತೋರಿಸಬೇಕೆಂದೇ ಈ ಲೇಖನ.

ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ೧೯೬೨ರಲ್ಲಿ ಸ್ಥಾಪನೆಯಾಯಿತು. ಅದರ ಭೋಸರಿ ವಸಾಹತಿನ ಕಾರಖಾನೆಗಳಿಗೆ ವಿಜಯಪುರ, ಕಲಬುರಗಿ, ಬೀದರ, ಬೆಳಗಾವಿಯ ಕಡೆಯಿಂದ ಬಂದು ನೆಲೆನಿಂತವರು ನಮ್ಮಲ್ಲಿ ಅನೇಕರು. ಲೇಥ್ ಹಿಡಿದವರು, ಬೆಸುಗೆ ಕಲಿತವರು, ಅಳತೆಯ ಕೂದಲೆಳೆಯ ವ್ಯತ್ಯಾಸವನ್ನು ಕಣ್ಣಿನಿಂದಲೇ ಹೇಳಬಲ್ಲವರು ನಮ್ಮ ಮನೆಗಳಲ್ಲಿದ್ದಾರೆ. ಈ ಕೈಕಸುಬೇ ಮೊದಲ ಬಂಡವಾಳ. ಆದರೆ ಒಂದು ಮಾತು ನೆನಪಿರಲಿ: ಕಾರಖಾನೆಯ ಯಂತ್ರಕ್ಕೆ ಭಾರವು ಬಲ ಕೊಡುತ್ತದೆ, ವಿಮಾನಕ್ಕೆ ಭಾರವೇ ಶತ್ರು. ಮಾದರಿ ಜೆಟ್ಟಿನಲ್ಲಿ ಹಣ ಉಳಿಯುವುದು ಅಗ್ಗದ ಸಾಮಾನಿನಿಂದ ಅಲ್ಲ. ಗ್ರಾಂ ಗ್ರಾಂ ಲೆಕ್ಕ ಹಾಕಿ ಭಾರ ಇಳಿಸುವುದರಿಂದ, ಕಟ್ಟಿದ್ದನ್ನು ಜೋಪಾನ ಮಾಡುವುದರಿಂದ. ಈ ಸೂತ್ರ ಹಿಡಿದರೆ ಉಳಿದದ್ದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ.

ಮೂರು ಬಗೆಯ ಜೆಟ್‌ಗಳು

ಮಾದರಿ ಜೆಟ್‌ಗಳಲ್ಲಿ ಮೂರು ಬಗೆ. ಮೊದಲನೆಯದು ನಿಜವಾದ ಟರ್ಬೈನ್. ಸೀಮೆಎಣ್ಣೆಯಂಥ ಇಂಧನ ಉರಿಸಿ ನಡೆಯುವಂಥದು. ಅಂಗೈಯಲ್ಲಿ ಹಿಡಿಯಬಹುದಾದ ಈ ಎಂಜಿನ್ನಿನ ದಂಡವು ನಿಮಿಷಕ್ಕೆ ಲಕ್ಷಕ್ಕೂ ಮೀರಿದ ಸುತ್ತು ತಿರುಗುತ್ತದೆ. ಬೆಲೆಯೂ ಲಕ್ಷಗಳಲ್ಲೇ. ಜರ್ಮನಿಯ ಹವ್ಯಾಸಿ ಕುರ್ಟ್ ಶ್ರೆಕ್‌ಲಿಂಗ್ ಮನೆಯಲ್ಲೇ ಇಂಥ ಎಂಜಿನ್ ಕಟ್ಟಿದರು. ಗಾಳಿಯನ್ನು ಒತ್ತುವ ಚಕ್ರವನ್ನು ಪ್ಲೈವುಡ್ಡಿನಲ್ಲಿ ಮಾಡಿ, ಅದಕ್ಕೆ ಕಾರ್ಬನ್ ನೂಲು ಸುತ್ತಿ ಬಿಗಿ ಮಾಡಿದರು. ೧೯೯೦ರ ದಶಕದಲ್ಲಿ ಅದರ ವಿಧಾನವನ್ನು ಪುಸ್ತಕವಾಗಿ ಪ್ರಕಟಿಸಿದರು. ಮರದ ಚಕ್ರದಿಂದ ಜೆಟ್! ಕಡಿಮೆ ವೆಚ್ಚಕ್ಕೆ ಬುದ್ಧಿ ಓಡಿಸಿದ್ದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಆದರೆ ಆ ವೇಗದಲ್ಲಿ ಚಕ್ರ ಸಿಡಿದರೆ ಅದು ಗುಂಡಿನಂತೆ ಹಾರುತ್ತದೆ. ನುರಿತವರ ಮೇಲ್ವಿಚಾರಣೆ ಇಲ್ಲದೆ ಇದು ಮನೆಯ ಕೆಲಸವಲ್ಲ.

ಎರಡನೆಯದು ವಿದ್ಯುತ್ ಫ್ಯಾನಿನ ಜೆಟ್. ಕೊಳವೆಯೊಳಗೆ ಅನೇಕ ಎಲೆಗಳ ಪುಟ್ಟ ಫ್ಯಾನು ತಿರುಗಿ ಗಾಳಿಯನ್ನು ಹಿಂದಕ್ಕೆ ಚಿಮ್ಮುತ್ತದೆ. ಸದ್ದೂ ರೂಪವೂ ಜೆಟ್ಟಿನದೇ. ಮೂರನೆಯದು ಎಲ್ಲಕ್ಕಿಂತ ಅಗ್ಗದ್ದು: ಆಕಾರ ಜೆಟ್ಟಿನದು, ಆದರೆ ರೆಕ್ಕೆಯ ಹಿಂಭಾಗದಲ್ಲಿ ಕೊರೆದ ಸೀಳಿನೊಳಗೆ ಒಂದು ಸಾಧಾರಣ ಪ್ರೊಪೆಲರ್ ತಿರುಗುತ್ತದೆ. ಹಾರುವಾಗ ಅದು ಕಣ್ಣಿಗೆ ಕಾಣುವುದಿಲ್ಲ.

ಈ ಮೂರನೆಯ ಬಗೆ ಏಕೆ ಅಗ್ಗ? ೬೪ ಮಿ.ಮೀ. ಫ್ಯಾನು ಗಾಳಿ ತಳ್ಳುವ ಕ್ಷೇತ್ರ ಸುಮಾರು ೨೫೦೦ ಚದರ ಮಿ.ಮೀ. ಆರು ಇಂಚಿನ ಪ್ರೊಪೆಲರ್ ಸುತ್ತುವ ಕ್ಷೇತ್ರ ೧೮,೦೦೦ಕ್ಕೂ ಮಿಕ್ಕಿ, ಅಂದರೆ ಏಳು ಪಟ್ಟು. ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳಲು ಬೇಕಾಗುವ ಶಕ್ತಿ, ಸ್ವಲ್ಪ ಗಾಳಿಯನ್ನು ರಭಸದಿಂದ ತಳ್ಳಲು ಬೇಕಾಗುವುದಕ್ಕಿಂತ ಕಡಿಮೆ. ಆದಕಾರಣ ಚಿಕ್ಕ ಮೋಟಾರು, ಚಿಕ್ಕ ಬ್ಯಾಟರಿ ಸಾಕಾಗುತ್ತದೆ. ಮೊದಲ ಜೆಟ್ ಕಟ್ಟುವ ಹುಡುಗನಿಗೆ ಇದೇ ತಕ್ಕದ್ದು. ಕೈ ಕುದುರಿದ ಮೇಲೆ ಫ್ಯಾನಿಗೆ ಹೋಗಬಹುದು.

ಇಲ್ಲೊಂದು ಎಚ್ಚರಿಕೆ. ಎಂಜಿನಿಯರಿಂಗ್ ಕಾಲೇಜಿನ ಅಣ್ಣಂದಿರು ಡ್ರೋನ್ ಮಾಡಿ ಬಿಟ್ಟ ೨೨೧೨ ಗಾತ್ರದ ಮೋಟಾರುಗಳು ಸುಲಭವಾಗಿ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಒಂದು ವೋಲ್ಟಿಗೆ ೧೦೦೦ ಸುತ್ತಿನವು. ದೊಡ್ಡ ಪ್ರೊಪೆಲರನ್ನು ನಿಧಾನ ತಿರುಗಿಸಲು ಮಾಡಿದಂಥವು. ಆರು ಇಂಚಿನ ಪ್ರೊಪೆಲರಿನ ಜೆಟ್ಟಿಗೆ ಅದೇ ಗಾತ್ರದ ೨೨೦೦ ಸುತ್ತಿನ ಮೋಟಾರು ಬೇಕು. ಪುಕ್ಕಟೆ ಸಿಕ್ಕಿತೆಂದು ತಂದು ಜೋಡಿಸಿದರೆ ವಿಮಾನ ನೆಲ ಬಿಡುವುದಿಲ್ಲ, ಹುಡುಗನ ಉತ್ಸಾಹ ಮಾತ್ರ ಬಿಟ್ಟುಹೋಗುತ್ತದೆ.

ತಕ್ಕಡಿಯೇ ಗುರು

ಇಡೀ ಕೆಲಸದಲ್ಲಿ ಅತ್ಯಂತ ಉಪಯುಕ್ತ ಸಲಕರಣೆ ಅಡಿಗೆಮನೆಯ ಚಿಕ್ಕ ವಿದ್ಯುತ್ ತಕ್ಕಡಿ. ವಿಮಾನದ ಮೈಗೆ ಬೇಕಾದ ಹಾಳೆಯನ್ನು ಕೊಳ್ಳುವ ಮುನ್ನ ೧೦ ಸೆಂ.ಮೀ. ಚೌಕದ ಒಂದು ತುಂಡನ್ನು ತೂಗಿರಿ. ಅದು ೫ ಗ್ರಾಂ ಇದ್ದರೆ ಚದರ ಮೀಟರಿಗೆ ೫೦೦ ಗ್ರಾಂ ಆಯಿತು. ೨ ಗ್ರಾಂ ಇದ್ದರೆ ೨೦೦ ಗ್ರಾಂ. ೭೦ ಸೆಂ.ಮೀ. ರೆಕ್ಕೆಯ ಚಿಕ್ಕ ಜೆಟ್ಟಿಗೆ ಸುಮಾರು ಮುಕ್ಕಾಲು ಚದರ ಮೀಟರ್ ಹಾಳೆ ಬೇಕೆಂದು ಇಟ್ಟುಕೊಂಡರೆ, ಎರಡರ ನಡುವೆ ೨೨೫ ಗ್ರಾಂ ಅಂತರ. ಅಷ್ಟು ಭಾರ ಹೊರಲು ದೊಡ್ಡ ಮೋಟಾರು, ದೊಡ್ಡ ಮೋಟಾರಿಗೆ ದೊಡ್ಡ ಬ್ಯಾಟರಿ, ಆ ಬ್ಯಾಟರಿಯನ್ನು ಹೊರಲು ಇನ್ನೂ ಗಟ್ಟಿ ರೆಕ್ಕೆ. ಹೀಗೆ ಖರ್ಚಿನ ಸರಪಳಿ ಬೆಳೆಯುತ್ತ ಹೋಗುತ್ತದೆ.

ಭಾರದ ದಂಡ ಅಲ್ಲಿಗೇ ಮುಗಿಯುವುದಿಲ್ಲ. ಅದೇ ರೆಕ್ಕೆಯ ಮೇಲೆ ತೂಕ ಇಮ್ಮಡಿಯಾದರೆ ವಿಮಾನ ಇಳಿಯುವ ವೇಗ ಸುಮಾರು ೧.೪ ಪಟ್ಟು ಏರುತ್ತದೆ. ನೆಲಕ್ಕೆ ಬಡಿದಾಗಿನ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹಗುರ ವಿಮಾನ ಹುಲ್ಲಿನ ಮೇಲೆ ಜಾರಿ ನಿಲ್ಲುವ ಕಡೆ, ಭಾರದ ವಿಮಾನ ಮೂಗು ಮುರಿದುಕೊಳ್ಳುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಮಾದರಿ ವಿಮಾನಕ್ಕೇ ಮಾಡಿದಂತಿದೆ.

ಹಾಳೆಯ ಆಯ್ಕೆಯಲ್ಲಿ ಮೋಸ ಹೋಗುವುದು ಸುಲಭ. ಬೋರ್ಡು ಬರೆಯುವವರ ಬಳಿ ಸನ್‌ಬೋರ್ಡ್ ಎಂದು ಸಿಗುವ ಪಿ.ವಿ.ಸಿ. ಹಲಗೆ ನೋಡಲು ನಯವಾಗಿದ್ದರೂ ಬಹಳ ಭಾರ. ಅದನ್ನು ಮೋಟಾರಿನ ಪೀಠದಂಥ ಅಂಗೈಯಗಲದ ಜಾಗಕ್ಕೆ ಮಾತ್ರ ಬಳಸಬೇಕು. ಶಾಲಾ ಪ್ರಾಜೆಕ್ಟಿಗೆ ಮಾರುವ, ಎರಡೂ ಕಡೆ ಕಾಗದ ಹೊದಿಸಿದ ೫ ಮಿ.ಮೀ. ಫೋಮ್ ಹಾಳೆ ಒಳ್ಳೆಯದು. ಒಳಗಡೆಯ ಕಾಗದವನ್ನು ಒದ್ದೆ ಮಾಡಿ ಸುಲಿದರೆ ಇನ್ನಷ್ಟು ಹಗುರ. ಕಾರಖಾನೆಗಳಿಗೆ ಯಂತ್ರದ ಭಾಗಗಳ ಜೊತೆ ಬರುವ ಥರ್ಮಾಕೋಲ್ ದಪ್ಪಗಟ್ಟಿಗಳನ್ನು ಮಾಲೀಕರ ಒಪ್ಪಿಗೆ ಪಡೆದು ತಂದರೆ ಮೂಗು, ಚಾಲಕನ ಗವಸು ಮೊದಲಾದವನ್ನು ಅದರಲ್ಲಿ ಕೆತ್ತಬಹುದು. ಮಹಾರಾಷ್ಟ್ರ ಸರಕಾರ ೨೦೧೮ರಲ್ಲಿ ಥರ್ಮಾಕೋಲಿನ ತಟ್ಟೆ ಲೋಟ, ಅಲಂಕಾರ ಸಾಮಾನುಗಳನ್ನು ನಿಷೇಧಿಸಿತು. ಕಸಕ್ಕೆ ಹೋಗುವ ಗಟ್ಟಿಗೆ ಹೀಗೆ ಎರಡನೆಯ ಜನ್ಮ ಕೊಡುವುದು ಊರಿಗೂ ಒಳ್ಳೆಯದು.

ಮನೆಯ ಮೂಲೆಯ ಸಾಮಾನು

ತಾಯಂದಿರು ಹಳೆಯ ಸೀರೆಯಿಂದ ಕೌದಿ ಹೊಲಿಯುವ ಜಾಣ್ಮೆಯನ್ನೇ ಇಲ್ಲಿಯೂ ತೋರಬೇಕು. ಕೆಲವನ್ನು ಇಲ್ಲಿ ಹೇಳುತ್ತೇವೆ.

ರೆಕ್ಕೆಯ ಬೆನ್ನೆಲುಬಿಗೆ ಕಾರ್ಬನ್ ಕೊಳವೆ ಕೊಳ್ಳಬೇಕಾಗಿಲ್ಲ. ಗಾಳಿಪಟಕ್ಕೆ ಬಳಸುವಂಥ ಒಣಗಿದ, ಗಂಟು ಕಡಿಮೆಯಿರುವ ಬಿದಿರಿನ ಸೀಳನ್ನು ಎರಡೂ ಕಡೆ ಸಮವಾಗಿ ಹೆರೆದು ಹಾಳೆಯಲ್ಲಿ ಕೊರೆದ ಕಾಲುವೆಗೆ ಅಂಟಿಸಿದರೆ ಚಿಕ್ಕ ಜೆಟ್ಟಿಗೆ ಸಾಕು. ಅವಧಿ ಮುಗಿದ ಬ್ಯಾಂಕಿನ ಪ್ಲಾಸ್ಟಿಕ್ ಕಾರ್ಡನ್ನು ಕತ್ತರಿಸಿ, ಸೂಜಿಯಿಂದ ತೂತು ಮಾಡಿದರೆ ಚುಕ್ಕಾಣಿ ಎಳೆಯುವ ಕಿವಿ ಸಿದ್ಧ. ಸರ್ವೋವಿನಿಂದ ಚುಕ್ಕಾಣಿಗೆ ಹೋಗುವ ಕಡ್ಡಿಗೆ ಕಬಾಬು ಚುಚ್ಚುವ ಬಿದಿರ ಕಡ್ಡಿ, ಅದರ ಎರಡು ತುದಿಗೆ ಕಾಗದದ ಕ್ಲಿಪ್ಪಿನ ತಂತಿ ನೂಲಿನಿಂದ ಬಿಗಿದು ಅಂಟು ಸವರಬೇಕು. ಕೀಲಿಗೆ ಪಾರದರ್ಶಕ ಅಂಟುಪಟ್ಟಿಯನ್ನು ಮೇಲೊಂದು ಕೆಳಗೊಂದು ಅಂಟಿಸಿದರೆ ಸಾಕು.

ಅಂಟಿನ ವಿಷಯದಲ್ಲಿ ಆತುರ ಬೇಡ. ಕ್ಷಣದಲ್ಲಿ ಹಿಡಿಯುವ ಫೆವಿಕ್ವಿಕ್‌ನಂಥ ಅಂಟುಗಳೂ, ಚಪ್ಪಲಿಗೆ ಹಚ್ಚುವ ರಬ್ಬರ್ ಅಂಟುಗಳೂ ಥರ್ಮಾಕೋಲನ್ನು ಕರಗಿಸಿಬಿಡುತ್ತವೆ. ಮೊದಲು ತುಂಡೊಂದರ ಮೇಲೆ ಪರೀಕ್ಷಿಸಬೇಕು. ಬಿಳಿಯ ಫೆವಿಕಾಲ್ ತಡವಾಗಿ ಹಿಡಿದರೂ ಹಾಳೆಗೆ ಕೇಡು ಮಾಡದು. ತೆಳ್ಳಗೆ ಸವರಿ ರಾತ್ರಿಯಿಡೀ ಭಾರವಿಟ್ಟರೆ ಆಯಿತು. ಮೋಟಾರಿನ ಪೀಠಕ್ಕೆ ಮಾತ್ರ ಎರಡು ಕೊಳವೆಯ ಅರಾಲ್ಡೈಟ್ ಬೇಕು. ಬಿಸಿ ಅಂಟಿನ ಬಂದೂಕನ್ನು ಅನೇಕರು ಎಲ್ಲ ಕಡೆ ಬಳಸುತ್ತಾರೆ. ಆ ಅಂಟು ಬಹಳ ತೂಕ. ಹನಿ ಹನಿ ಕೂಡಿದರೆ ಹಳ್ಳ ಎಂಬುದು ಅಂಟಿಗೂ ಸಲ್ಲುತ್ತದೆ.

ಗಾಲಿಗಳನ್ನು ಬಿಟ್ಟುಬಿಡಿ. ಹುಲ್ಲಿನ ಮೇಲೆ ಹೊಟ್ಟೆಯೂರಿ ಇಳಿಯುವ ಜೆಟ್ಟಿಗೆ ಅವು ಬೇಕಿಲ್ಲ. ಹೊಟ್ಟೆಗೆ ಅಗಲವಾದ ಅಂಟುಪಟ್ಟಿಯ ಎರಡು ಪದರ ಹಚ್ಚಿದರೆ ಸವೆಯುವುದು ಪಟ್ಟಿಯೇ ಹೊರತು ವಿಮಾನವಲ್ಲ.

ಫ್ಯಾನಿನ ಕೊಳವೆ

ವಿದ್ಯುತ್ ಫ್ಯಾನಿನ ಜೆಟ್ಟಿಗೆ ಕೈಹಾಕುವವರು ಈ ಲೆಕ್ಕ ತಿಳಿದಿರಬೇಕು. ೬೪ ಮಿ.ಮೀ. ಫ್ಯಾನಿನ ನಡುವಿನ ಗುಂಭ ೩೦ ಮಿ.ಮೀ. ಇದ್ದರೆ ಗಾಳಿ ಹೋಗುವ ಕ್ಷೇತ್ರ ಸುಮಾರು ೨೫೧೦ ಚದರ ಮಿ.ಮೀ. ಹಿಂದಿನ ಬಾಯಿಯ ಕ್ಷೇತ್ರ ಇದರ ನೂರಕ್ಕೆ ೮೫ರಿಂದ ೯೦ ಇರಬೇಕೆಂಬುದು ಅನುಭವಿಗಳ ಮಾತು. ಅಂದರೆ ಸುಮಾರು ೫೨ ಮಿ.ಮೀ. ವ್ಯಾಸ. ಮುಂದಿನ ಬಾಯಿ ಫ್ಯಾನಿನ ಕ್ಷೇತ್ರಕ್ಕಿಂತ ಕಡಿಮೆ ಇರಕೂಡದು, ಅದರ ತುಟಿ ದುಂಡಗಿರಬೇಕು. ಈ ಕೊಳವೆಗೆ ಅಂಗಡಿಯ ತಯಾರಿ ಸಾಮಾನು ಬೇಡ. ಝೆರಾಕ್ಸ್ ಅಂಗಡಿಯಲ್ಲಿ ಪುಸ್ತಕ ಬೈಂಡಿಂಗಿಗೆ ಹಾಕುವ ಪಾರದರ್ಶಕ ಹಾಳೆಯನ್ನು ಸುರುಳಿ ಸುತ್ತಿ ಅಂಟಿಸಿದರೆ ನಯವಾದ ಕೊಳವೆಯಾಗುತ್ತದೆ. ಕೊಳವೆ ಸರಿಯಾದರೆ ಅದೇ ಮೋಟಾರು ಹೆಚ್ಚು ಎಳೆಯುತ್ತದೆ. ಇದು ಪುಕ್ಕಟೆ ಸಿಕ್ಕ ಬಲ.

ಎಲ್ಲಿ ಕೈ ಬಿಚ್ಚಬೇಕು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ. ಆದರೆ ಎರಡು ವಸ್ತುಗಳಲ್ಲಿ ಜಿಪುಣತನ ಸಲ್ಲದು: ರೇಡಿಯೋ ಮತ್ತು ಬ್ಯಾಟರಿ.

ನಮ್ಮ ದೇಶದಲ್ಲಿ ೨.೪ ಗಿಗಾಹರ್ಟ್ಸ್ ತರಂಗವನ್ನು ಮಿತ ಶಕ್ತಿಯಲ್ಲಿ ಬಳಸಲು ೨೦೦೫ರಿಂದ ಲೈಸೆನ್ಸ್ ಬೇಕಾಗಿಲ್ಲ. ಒಂದು ಒಳ್ಳೆಯ ಪ್ರೇಷಕವನ್ನು ಕೊಂಡರೆ ಅದು ಹತ್ತು ವಿಮಾನಗಳಿಗೆ ಬಾಳುತ್ತದೆ. ವಿಮಾನ ಮುರಿಯಬಹುದು, ಪ್ರೇಷಕ ಕೈಯಲ್ಲೇ ಇರುತ್ತದೆ. ಸಂಕೇತ ತಪ್ಪಿದಾಗ ಮೋಟಾರು ತಾನಾಗಿ ನಿಲ್ಲುವಂತೆ ಗ್ರಾಹಕವನ್ನು ಹೊಂದಿಸಿ, ಪ್ರೊಪೆಲರ್ ಕಳಚಿಟ್ಟು ಮನೆಯಲ್ಲೇ ಪರೀಕ್ಷಿಸಿಕೊಳ್ಳಬೇಕು.

ಬ್ಯಾಟರಿ ಲಿಥಿಯಂ ಪಾಲಿಮರ್ ಜಾತಿಯದು. ಹಳೆಯ ಲ್ಯಾಪ್‌ಟಾಪಿನ ಕೋಶಗಳನ್ನು ಗುಜರಿಯಿಂದ ತಂದು ಜೆಟ್ಟಿಗೆ ಹಾಕುವ ಯೋಚನೆ ಬೇಡ. ಅಷ್ಟು ವಿದ್ಯುತ್ತನ್ನು ಒಮ್ಮೆಲೇ ಕೊಡಲು ಅವು ಮಾಡಿದವಲ್ಲ. ಮೂರು ಕೋಶದ ೨೨೦೦ ಮಿಲಿ ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ನೂರಕ್ಕೆ ೮೦ ಮಾತ್ರ ಬಳಸಬೇಕೆಂಬುದು ನಿಯಮ. ಸರಾಸರಿ ೨೦ ಆಂಪಿಯರ್ ಎಳೆದರೆ ಅದು ಐದು ನಿಮಿಷದ ಹಾರಾಟ. ಗಡಿಯಾರವನ್ನು ನಾಲ್ಕು ನಿಮಿಷಕ್ಕೆ ಇಟ್ಟು ಇಳಿಸಿದರೆ ಬ್ಯಾಟರಿ ಬಹುಕಾಲ ಬಾಳುತ್ತದೆ. ವಾರಗಟ್ಟಲೆ ಇಡುವುದಾದರೆ ಪ್ರತಿ ಕೋಶವೂ ಸುಮಾರು ೩.೮ ವೋಲ್ಟಿನಲ್ಲಿರಲಿ, ತುಂಬಿಟ್ಟರೂ ಕೆಡುತ್ತದೆ, ಬರಿದು ಮಾಡಿಟ್ಟರೂ ಕೆಡುತ್ತದೆ. ಇದೊಂದು ಅಭ್ಯಾಸದಿಂದ ಉಳಿಯುವ ಹಣ ಬೇರೆ ಯಾವ ಉಪಾಯದಿಂದಲೂ ಉಳಿಯಲಾರದು.

ಮನೆಯವರೆಲ್ಲ ತಿಳಿಯಬೇಕಾದ ಮಾತು: ಈ ಬ್ಯಾಟರಿಗೆ ಬೆಂಕಿ ಹತ್ತಿದರೆ ಭಯಂಕರವಾಗಿ ಉರಿಯುತ್ತದೆ. ಚಾರ್ಜು ಮಾಡುವಾಗ ಮಣ್ಣಿನ ಕುಂಡದಲ್ಲಿಟ್ಟು, ಪಕ್ಕದಲ್ಲಿ ಒಂದು ಬಕೆಟ್ಟು ಮರಳು ಇಟ್ಟುಕೊಳ್ಳಿ. ರಾತ್ರಿ ಹಾಕಿ ಮಲಗಬೇಡಿ, ಮನೆ ಬಿಟ್ಟು ಹೋಗಬೇಡಿ. ಉಬ್ಬಿದ ಬ್ಯಾಟರಿಯನ್ನು "ಇನ್ನೊಂದು ಸಲ ನಡೆದೀತು" ಎಂದು ಬಳಸಬೇಡಿ. ಒಂದು ಬ್ಯಾಟರಿಯ ಬೆಲೆ ಉಳಿಸಲು ಹೋಗಿ ಒಂದು ಕೋಣೆ ಸುಡುವುದು ಮಿತವ್ಯಯವಲ್ಲ.

ಮೊದಲು ತೇಲಲಿ, ಆಮೇಲೆ ಹಾರಲಿ

ಹೆಚ್ಚಿನ ಮಾದರಿ ವಿಮಾನಗಳು ಮೊದಲ ಹಾರಾಟದಲ್ಲೇ ಮುರಿಯುವುದು ಸಮತೂಕದ ದೋಷದಿಂದ. ತೇಜಸ್‌ನಂಥ ತ್ರಿಕೋನ ರೆಕ್ಕೆಯನ್ನು ಹಾಳೆಯಲ್ಲಿ ಕತ್ತರಿಸುವುದು ಸುಲಭ, ಅದರ ಸಮತೂಕದ ಲೆಕ್ಕವೂ ಸುಲಭ. ನಡುವಿನ ಉದ್ದ ೬೦ ಸೆಂ.ಮೀ. ಇರುವ ಚೂಪು ತ್ರಿಕೋನದಲ್ಲಿ, ಮುಂದಿನ ತುದಿಯಿಂದ ೩೦ ಸೆಂ.ಮೀ.ನಲ್ಲಿ ಗಾಳಿಯ ಒತ್ತಡದ ಮಧ್ಯಬಿಂದು. ಭಾರದ ಮಧ್ಯಬಿಂದು ಅದಕ್ಕಿಂತ ಮುಂದೆ, ೨೬ ಸೆಂ.ಮೀ.ನಲ್ಲಿರಲಿ. ರೆಕ್ಕೆಗಿಂತ ಮುಂದಕ್ಕೆ ಉದ್ದ ಮೂಗು ಚಾಚಿದ್ದರೆ ಇನ್ನೊಂದಿಷ್ಟು ಮುಂದೆ. ಆ ಗೆರೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದಾಗ ವಿಮಾನ ಮಟ್ಟವಾಗಿ ನಿಲ್ಲಬೇಕು. ಮೂಗು ಹಗುರವಾದರೆ ಸೀಸ ಸೇರಿಸುವ ಮೊದಲು ಬ್ಯಾಟರಿಯನ್ನೇ ಮುಂದಕ್ಕೆ ಸರಿಸಿ ನೋಡಿ.

ಅನಂತರ ಮೋಟಾರು ನಿಲ್ಲಿಸಿ, ಎತ್ತರ ಹುಲ್ಲಿರುವ ಕಡೆ ಎದುರುಗಾಳಿಗೆ ಮೆಲ್ಲಗೆ ಕೈಯಿಂದ ತೇಲಿಬಿಡಿ. ಇದು ಹುಡುಗಾಟಿಕೆಯ ಪರೀಕ್ಷೆಯೆಂದು ತಿಳಿಯಬೇಡಿ. ನಮ್ಮ ಬೆಂಗಳೂರಿನ ಹಿಂದುಸ್ಥಾನ್ ವಿಮಾನ ಕಾರಖಾನೆಯಲ್ಲಿ ಜರ್ಮನ್ ವಿನ್ಯಾಸಕಾರ ಕುರ್ಟ್ ಟಾಂಕ್ ಅವರ ನೇತೃತ್ವದಲ್ಲಿ ಮಾರುತ ಜೆಟ್ ವಿಮಾನ ರೂಪುಗೊಂಡಾಗಲೂ ಹೀಗೆಯೇ ಮಾಡಿದರು. ೧೯೫೯ರಲ್ಲಿ ಅದರ ಪೂರ್ಣ ಗಾತ್ರದ ಮರದ ಗ್ಲೈಡರೊಂದನ್ನು ಕಟ್ಟಿ, ಡಕೋಟಾ ವಿಮಾನದಿಂದ ಎಳೆಸಿ ಮೇಲೇರಿಸಿ, ತೇಲಿಸಿ ಗುಣ ಪರೀಕ್ಷಿಸಿದರು. ನಿಜವಾದ ಮಾರುತ ಹಾರಿದ್ದು ೧೯೬೧ರ ಜೂನ್ ೧೭ರಂದು. ದೇಶದ ಹಣ ಹಾಕಿ ಕಟ್ಟುವವರೇ ಮೊದಲು ಮರದಲ್ಲಿ ತೇಲಿಸಿ ನೋಡಿದ ಮೇಲೆ, ಮನೆಯ ಹಣ ಹಾಕುವ ನಾವು ಈ ಹೆಜ್ಜೆಯನ್ನು ಬಿಡಬಹುದೇ?

ಹಿಂಭಾಗದಲ್ಲಿ ಪ್ರೊಪೆಲರ್ ಇರುವ ಜೆಟ್ಟನ್ನು ಹಾರಿಸುವಾಗ ವಿಮಾನ ಕೈ ಬಿಟ್ಟ ಮೇಲೆಯೇ ಮೋಟಾರು ಚಾಲೂ ಮಾಡಬೇಕು. ಇಲ್ಲವಾದರೆ ಬೆರಳಿಗೆ ಅಪಾಯ. ಎಸೆಯುವವರು ಒಬ್ಬರು, ಪ್ರೇಷಕ ಹಿಡಿಯುವವರು ಇನ್ನೊಬ್ಬರು ಇದ್ದರೆ ಲೇಸು.

ಹಾರಿ ಬಂದ ಮೇಲೆ

ಪ್ರತಿ ಹಾರಾಟದ ನಂತರ ಎರಡು ನಿಮಿಷದ ತಪಾಸಣೆ ರೂಢಿಯಾಗಲಿ. ಪ್ರೊಪೆಲರಿನ ಅಂಚಿನಲ್ಲಿ ಸೀಳು ಕಂಡರೆ ಬಿಸಾಡಿ. ಅದು ಅಗ್ಗದ ವಸ್ತು, ಅದರ ನಡುಕದಿಂದ ಕೆಡುವ ಮೋಟಾರಿನ ಬೇರಿಂಗು ಅಗ್ಗದ್ದಲ್ಲ. ಕೀಲುಗಳ ಅಂಟುಪಟ್ಟಿ ಬಿಸಿಲಿಗೆ ಬಿಟ್ಟುಕೊಂಡಿದೆಯೇ, ತಂತಿಯ ಬೆಸುಗೆ ಸಡಿಲಿದೆಯೇ ನೋಡಿ. ಭೋಸರಿಯ ಧೂಳು ಎಲ್ಲರಿಗೂ ಗೊತ್ತು. ಫ್ಯಾನಿನ ಜೆಟ್ಟನ್ನು ಇಳಿಸುವ ಜಾಗದಿಂದ ಕಲ್ಲುಹರಳು ಆರಿಸಿ ತೆಗೆಯಬೇಕು, ದೊಡ್ಡ ವಿಮಾನ ನಿಲ್ದಾಣಗಳಲ್ಲೂ ಓಡುದಾರಿಯನ್ನು ಹೀಗೆಯೇ ಸ್ವಚ್ಛವಿಡುತ್ತಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ವಿಮಾನ ಬಿಟ್ಟರೆ ರೆಕ್ಕೆ ಸೊಟ್ಟಗಾಗುತ್ತದೆ. ಮುರಿದ ಫೋಮನ್ನು ಎಸೆಯಬೇಡಿ. ತುಂಡುಗಳನ್ನು ಅಲ್ಲೇ ಆರಿಸಿ ತಂದರೆ ಅವು ಒಂದಕ್ಕೊಂದು ಸರಿಯಾಗಿ ಕೂಡುತ್ತವೆ. ಮೊದಲ ವಿಮಾನದ ನಕ್ಷೆಯನ್ನು ರಟ್ಟಿನ ಮೇಲೆ ಕತ್ತರಿಸಿ ಗೋಡೆಗೆ ತೂಗುಹಾಕಿಡಿ. ಎರಡನೆಯ ಮೈ ಒಂದು ರವಿವಾರದಲ್ಲಿ ಎದ್ದುನಿಲ್ಲುತ್ತದೆ.

ಕಾಯಿದೆ ಮತ್ತು ನೆರೆಹೊರೆ

ಕೇಂದ್ರ ಸರಕಾರದ ಡ್ರೋನ್ ನಿಯಮಗಳು ೨೦೨೧ರ ಆಗಸ್ಟಿನಲ್ಲಿ ಜಾರಿಗೆ ಬಂದವು. ಮಾದರಿ ವಿಮಾನಗಳ ಮಾತೂ ಅವುಗಳಲ್ಲಿದೆ. ಆಕಾಶವನ್ನು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸಿದ್ದಾರೆ. ನಮ್ಮ ಭೋಸರಿಗೆ ಲೋಹಗಾಂವ ಹತ್ತಿರವಿರುವುದರಿಂದ, ಯಾವ ಮೈದಾನದಲ್ಲೇ ಆಗಲಿ ಹಾರಿಸುವ ಮೊದಲು ಸರಕಾರದ ನಕ್ಷೆಯಲ್ಲಿ ಆ ಜಾಗದ ಬಣ್ಣವನ್ನೂ, ನೋಂದಣಿಯ ನಿಯಮವನ್ನೂ ನೋಡಲೇಬೇಕು. ಹಸಿರಲ್ಲದ ಕಡೆ ಅನುಮತಿಯಿಲ್ಲದೆ ಹಾರಿಸಕೂಡದು. ಊರಾಚೆಯ ಹಸಿರು ಜಾಗ ಹುಡುಕಿ ಹೋಗುವ ಬಸ್ ಖರ್ಚು ದಂಡಕ್ಕಿಂತ ಕಡಿಮೆ. ಮನೆ, ರಸ್ತೆ, ಕರೆಂಟಿನ ತಂತಿ, ಜನಸಂದಣಿ ಇರುವ ಕಡೆಯಂತೂ ಎಂದೂ ಬೇಡ.

ಕೊನೆಗೆ, ಎಲ್ಲಕ್ಕಿಂತ ದೊಡ್ಡ ಉಳಿತಾಯದ ದಾರಿ ಕೂಡಿ ಕಟ್ಟುವುದು. ಐದು ಮನೆಗಳಿಗೆ ಒಂದು ಚಾರ್ಜರು, ಒಂದು ಬೆಸುಗೆ ಕಡ್ಡಿ, ಒಂದು ತಕ್ಕಡಿ ಸಾಕು. ಹಾಳೆಯನ್ನು ಒಟ್ಟಿಗೆ ಕೊಂಡರೆ ಬೆಲೆ ಇಳಿಯುತ್ತದೆ. ಕಾರಖಾನೆಯಲ್ಲಿ ಇಡೀ ಆಯುಷ್ಯ ಅಳತೆಪಟ್ಟಿ ಹಿಡಿದ ಅಜ್ಜನು ನಿವೃತ್ತನಾಗಿ ಮನೆಯಲ್ಲಿದ್ದರೆ, ಆತನ ಪಕ್ಕದಲ್ಲಿ ಮೊಮ್ಮಗನನ್ನೂ ಮೊಮ್ಮಗಳನ್ನೂ ಕೂಡಿಸಿ. ಸಮನಾಗಿ ಕತ್ತರಿಸುವುದು, ತೂಗಿ ನೋಡುವುದು, ಅವಸರ ಮಾಡದಿರುವುದು, ಇವನ್ನು ಆ ಕೈಗಳಿಗಿಂತ ಚೆನ್ನಾಗಿ ಯಾರು ಕಲಿಸಿಯಾರು? ವಿಮಾನ ಇಂದಲ್ಲ ನಾಳೆ ಮುರಿದೀತು. ಕೈಗೆ ಹತ್ತಿದ ವಿದ್ಯೆ ಮುರಿಯುವುದಿಲ್ಲ.